ಬ್ಯಾಗು ಎಷ್ಟು ಕೆ.ಜಿ. ಮಾರಾಯ್ರೆ?

ಸಾಸ್ತಾನದಲ್ಲಿ ವಿಮಾನ ಇಳಿಯುವುದಿಲ್ಲ. ಹೊರಗಿನವರಿಗೆ ಈ ಊರು ಗೊತ್ತಿರುವುದೇ ಹೆದ್ದಾರಿ 66ರ ಟೋಲ್‌ಗೇಟಿನಿಂದ. ಫಾಸ್ಟ್ಯಾಗಿನಲ್ಲಿ ದುಡ್ಡು ಉಂಟೋ ಇಲ್ಲವೋ ಎಂದು ಎದೆ ಢವಗುಟ್ಟುವ ಜಾಗ ಅದು. ರೈಲು ಹತ್ತಲು ಬಾರ್ಕೂರಿಗೆ ಹೋಗಬೇಕು, ವಿಮಾನ ಹತ್ತಲು ಬಜ್ಪೆಗೆ. ಹೀಗಿದ್ದೂ ವಿಮಾನದ ಬಗ್ಗೆ ಅಭಿಪ್ರಾಯ ಇಲ್ಲದ ಒಬ್ಬನೇ ಒಬ್ಬ ಮನುಷ್ಯ ಸಾಸ್ತಾನದಿಂದ ಕೋಟದವರೆಗೆ ಸಿಕ್ಕಿದರೆ ಹೇಳಿ, ಶಾಲು ಹೊದೆಸಿ ಸನ್ಮಾನ ಮಾಡುವ. ಒಬ್ಬರ ಮಗನದು ಬೆಂಗಳೂರಲ್ಲಿ ಹೋಟೆಲು, ಇನ್ನೊಬ್ಬರ ಅಳಿಯ ಮುಂಬೈಯಲ್ಲಿ, ಮತ್ತೊಬ್ಬರ ಭಾವ ದುಬೈಯಲ್ಲೋ ಮಸ್ಕತ್ತಿನಲ್ಲೋ. ಆದ್ದರಿಂದ ಎಲ್ಲರೂ ಪಂಡಿತರು.

ಬೇಕಾದರೆ ಪರೀಕ್ಷೆ ಮಾಡಿ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಾ ಹೇಳಿ, "ಹ್ವಾಯ್, ದುಬೈಗೆ ಹೋಪತಿಗೆ ಎಷ್ಟ್ ಕೆ.ಜಿ. ತಕಂಡ್ ಹೋಪ್ಕ್ ಆತ್ತ್?" ಎಂದು ಸುಮ್ಮನೆ ಕೇಳಿ.

"ಮೂವತ್ತ್," ಎನ್ನುತ್ತಾರೆ ಒಬ್ಬರು, ಪೇಪರಿನಿಂದ ತಲೆ ಎತ್ತದೆ.

"ಅದೆಲ್ಲ ಹಳೇ ಕತಿ ಮರ್ರೆ. ಈಗ ಇಪ್ಪತ್ತೇ."

"ಇಪ್ಪತ್ತೈದ್ ಅಂಬ್ರ್. ನಮ್ಮ ಭಾವ ಮೊನ್ನೆ ಬಂದದ್ದ್."

ಮೂಲೆಯಲ್ಲಿ ಕೂತ ಹುಡುಗ ಮೊಬೈಲ್ ತೀಡಿ ತೀಡಿ, "ಮೂರ್ ಕಡೆ ಮೂರ್ ನಮೂನಿ ಇತ್ತ್ ಕಾಣಿ," ಎಂದು ಕೈಚೆಲ್ಲುತ್ತಾನೆ. ಅಷ್ಟು ಹೊತ್ತಿಗೆ ನಿಮ್ಮ ಚಾ ತಣ್ಣಗಾಗಿರುತ್ತದೆ. ವಿಶೇಷ ಏನೆಂದರೆ, ಇವರಲ್ಲಿ ಯಾರೂ ಸುಳ್ಳು ಹೇಳಿದ್ದಲ್ಲ. ಪ್ರತಿಯೊಬ್ಬರೂ ಒಂದೊಂದು ಕಾಲದ, ಒಂದೊಂದು ಟಿಕೆಟಿನ ಸತ್ಯವನ್ನು ಹೇಳಿದವರೇ.

ಹೋಟೆಲಿನ ಬೆಂಚಿಗೆ ಇದು ಶೋಭೆ. ಆದರೆ ಈ ವಿಮಾನ ಸಂಸ್ಥೆ ಒಳ್ಳೆಯದೋ ಆ ವಿಮಾನ ಸಂಸ್ಥೆ ಒಳ್ಳೆಯದೋ ಎಂದು ತಕ್ಕಡಿ ಹಿಡಿದು ತೂಗಿ ಹೇಳುತ್ತೇವೆ ಎಂದು ಅಂಗಡಿ ಇಟ್ಟು ಕೂತವರೂ ಇದೇ ಬೆಂಚಿನ ಮೇಲೆ ಕೂತರೆ? ಅಂಥ ಹೋಲಿಕೆಯ ಪುಟಗಳನ್ನು ನೀವೂ ಕಂಡಿರುತ್ತೀರಿ. ಎಡಗಡೆ ಒಂದು ಸಂಸ್ಥೆ, ಬಲಗಡೆ ಇನ್ನೊಂದು. ನಡುವೆ ಬ್ಯಾಗಿನ ತೂಕ, ಸೀಟಿನ ಕಾಲುಜಾಗ, ಊಟ ಉಂಟೋ ಇಲ್ಲವೋ, ಟಿಕೆಟ್ ರದ್ದು ಮಾಡಿದರೆ ಎಷ್ಟು ಮುರಿಯುತ್ತಾರೆ ಎಂಬ ಪಟ್ಟಿ. ತಲೆಬರಹದಲ್ಲಿ ಮಾತ್ರ ಮಿರಿಮಿರಿ ಮಿಂಚುವ ಈ ವರ್ಷದ ಇಸವಿ. ಆ ಇಸವಿಯ ಗುಟ್ಟು ಗೊತ್ತೇ? ಜನವರಿ ಒಂದಕ್ಕೆ ಅದು ತಾನಾಗಿಯೇ ಬದಲಾಗುವಂತೆ ಮಾಡಿಟ್ಟಿರುತ್ತಾರೆ. ಕೆಳಗಿನ ಬ್ಯಾಗಿನ ತೂಕ ಯಾವ ಕಾಲದ್ದೋ ದೇವರಿಗೇ ಗೊತ್ತು. ಇಡೀ ಪುಟದಲ್ಲಿ ಸಮಯಕ್ಕೆ ಸರಿಯಾಗಿ ಕೆಲಸ ಮಾಡುವುದು ತಲೆಬರಹವೊಂದೇ.

ಇದನ್ನೆಲ್ಲ ನನಗೆ ಹೇಳಿದ್ದು ಅಕ್ಕನ ಮಗ. ಮಾಣಿ ಬೆಂಗಳೂರಿನಲ್ಲಿ ಇಂಥದ್ದೇ ಪುಟಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಊರಿಗೆ ಬಂದರೂ ಬಾಯಲ್ಲಿ ಅದೇ ಮಾತು. ಅವನು ಹಾಕಿ ತೋರಿಸಿದ ಲೆಕ್ಕ ಕೇಳಿದರೆ ನಮ್ಮ ಶಾಲೆಯ ಮಗ್ಗಿಯ ಮೇಷ್ಟ್ರೂ ತಲೆದೂಗುತ್ತಿದ್ದರು. ಹತ್ತು ವಿಮಾನ ಸಂಸ್ಥೆ ಇವೆ ಅಂದುಕೊಳ್ಳಿ. ಎರಡೆರಡನ್ನು ಎದುರುಬದುರು ಕೂರಿಸಿದರೆ 45 ಪುಟ. ಇಪ್ಪತ್ತು ಸಂಸ್ಥೆ ಆದರೆ ದುಪ್ಪಟ್ಟು 90 ಅಲ್ಲ, 190. ಅದರಲ್ಲಿ ಒಂದೇ ಒಂದು ಸಂಸ್ಥೆ ತನ್ನ ಬ್ಯಾಗಿನ ತೂಕವನ್ನು ಬದಲಿಸಿತು ಎನ್ನಿ, 19 ಪುಟಗಳನ್ನು ಹುಡುಕಿ ಹುಡುಕಿ ತಿದ್ದಬೇಕು. ತಿದ್ದುವವನಿಗೆ ಹನ್ನೊಂದನೆಯ ಪುಟಕ್ಕೆ ಬರುವಾಗ ಊಟದ ಹೊತ್ತಾಗುತ್ತದೆ. ಉಂಡು ಬಂದ ಮೇಲೆ ಎಲ್ಲಿಗೆ ನಿಲ್ಲಿಸಿದ್ದೆ ಎಂದು ನೆನಪಿರುವುದಿಲ್ಲ. ಹಾಗಾಗಿ ಒಂದೇ ಸಂಸ್ಥೆ ಒಂದು ಪುಟದಲ್ಲಿ ಹದಿನೈದು ಕೆ.ಜಿ. ಕೊಡುತ್ತದೆ, ಇನ್ನೊಂದು ಪುಟದಲ್ಲಿ ಇಪ್ಪತ್ತು. ಎದುರಾಳಿ ಯಾರು ಎಂದು ನೋಡಿ ತೂಕ ಏರಿಸಿ ಇಳಿಸಿದ ಹಾಗೆ!

"ಹಾಂಗಾರೆ ನೀವ್ ಎಂತ ಮಾಡ್ತ್ರಿ?" ಎಂದೆ.

"ಪುಟದಲ್ಲಿ ತೂಕ ಬರೆಯುವುದೇ ಇಲ್ಲ ಮಾವ," ಎಂದ. ಎಲ್ಲ ಸಂಸ್ಥೆಗಳ ಎಲ್ಲ ವಿವರವೂ ಒಂದೇ ಒಂದು ಕಡತದಲ್ಲಿ. ಪುಟದಲ್ಲಿ ಇರುವುದು ಬರೀ ಖಾಲಿ ಜಾಗ. ಓದುವವನು ಪುಟ ತೆರೆದಾಗ ಕಡತದಿಂದ ಅಂಕಿ ಬಂದು ಆ ಜಾಗದಲ್ಲಿ ಕೂರುತ್ತದೆ. ಕಡತದಲ್ಲಿ ಒಂದು ಸಾಲು ತಿದ್ದಿದರೆ 19 ಪುಟಗಳೂ ಒಟ್ಟಿಗೆ ಸರಿಯಾದವು.

ಮಾಣಿ ಇದನ್ನು ಏನೋ ಹೊಸ ಆವಿಷ್ಕಾರ ಎಂಬಂತೆ ಹೇಳಿದ. ನನಗೆ ನಗು ಬಂತು. ನಮ್ಮಲ್ಲಿಂದ ಬೈಕಿನಲ್ಲಿ ಸ್ವಲ್ಪ ಹೊತ್ತು ಹೋದರೆ ಮಂದಾರ್ತಿ. ದುರ್ಗಾಪರಮೇಶ್ವರಿಯ ಹೆಸರಲ್ಲಿ ಐದು ಯಕ್ಷಗಾನ ಮೇಳ. ಹರಕೆ ಹೊತ್ತವರು ಆಟ ಆಡಿಸಲು ವರ್ಷಗಟ್ಟಲೆ ಕಾಯುತ್ತಾರೆ. ಒಂದೊಂದು ರಾತ್ರಿ ಐದು ಊರಲ್ಲಿ ಐದು ರಂಗಸ್ಥಳ ಏಳಬೇಕು. ಯಾವ ಮನೆಗೆ ಯಾವ ದಿನ ಎನ್ನುವುದು ದೇವಸ್ಥಾನದ ಲೆಕ್ಕದಲ್ಲಿ ಇದ್ದರೆ ಇದ್ದಂತೆ. ಐದು ಮೇಳದ ಭಾಗವತರೂ ಐದು ನೋಟುಪುಸ್ತಕ ಇಟ್ಟುಕೊಂಡು, ಹಾದಿಯಲ್ಲಿ ಸಿಕ್ಕವರಿಗೆಲ್ಲ "ಆತ್ತ್, ಬತ್ತೊ" ಎಂದು ತಾರೀಖು ಕೊಡುತ್ತಾ ಹೋದರೆ ಏನಾದೀತು ಊಹಿಸಿ! ಒಂದೇ ಗದ್ದೆಯಲ್ಲಿ ಇಬ್ಬರು ಮಹಿಷಾಸುರರು ಎದುರುಬದುರಾಗಿ ಆರ್ಭಟಿಸುತ್ತಾರೆ, ಪಕ್ಕದ ಊರಿನಲ್ಲಿ ಹರಕೆಯವರು ಚಾಪೆ ಹಾಸಿ, ಅಡುಗೆ ಮಾಡಿಟ್ಟು, ಬೆಳಗಿನ ತನಕ ಚೌಕಿಯ ಕಡೆ ನೋಡುತ್ತಾ ಕೂತಿರುತ್ತಾರೆ. ಇಷ್ಟು ಸಣ್ಣ ವಿಷಯಕ್ಕೆ ಇಂಗ್ಲಿಷಿನಲ್ಲಿ ಏನೋ ದೊಡ್ಡ ಹೆಸರು ಇಟ್ಟುಕೊಂಡು ಬೆಂಗಳೂರಿನವರು ಮೀಟಿಂಗ್ ಮಾಡುತ್ತಾರಂತೆ.

ಅವನು ಮಾತ್ರ ಬಿಡುವ ಪೈಕಿ ಅಲ್ಲ. ವಿಮಾನದವರಿಗೇ ಈ ಬುದ್ಧಿ ಬರಲು ಎಷ್ಟು ವರ್ಷ ಹಿಡಿಯಿತು ಗೊತ್ತುಂಟಾ ಎಂದ. ಅಮೆರಿಕದಲ್ಲಿ 1929ರಲ್ಲಿ ಮೊದಲ ವಿಮಾನ ಗೈಡು ಅಚ್ಚಾಯಿತು. 35 ಸಂಸ್ಥೆ, 300 ವಿಮಾನ, ಎಲ್ಲ ವೇಳಾಪಟ್ಟಿಯೂ ಒಂದೇ ಪುಸ್ತಕದಲ್ಲಿ. ಓಎಜಿ ಎಂಬ ಹೆಸರಿನಲ್ಲಿ ಅದು ಈಗಲೂ ಲೋಕದ ವೇಳಾಪಟ್ಟಿಗಳನ್ನೆಲ್ಲ ಒಂದೆಡೆ ಕೂಡಿಸುತ್ತದೆ. ಆದರೆ ಸೀಟು ಖಾಲಿ ಉಂಟೋ ಎಂದು ನೋಡುವ ಕೆಲಸ ಬಹಳ ಕಾಲ ಕೈಯಲ್ಲೇ ನಡೆಯುತ್ತಿತ್ತು. ಅಮೆರಿಕನ್ ಏರ್‌ಲೈನ್ಸಿನ ಬುಕಿಂಗ್ ಕಚೇರಿಯಲ್ಲಿ ತಿರುಗುವ ಮೇಜಿನ ಮೇಲೆ ವಿಮಾನಕ್ಕೊಂದು ಕಾರ್ಡು. ಸುತ್ತ ಕೂತವರು ಮೇಜು ತಿರುಗಿಸಿ ಕಾರ್ಡು ಎಳೆದು ಗುರುತು ಹಾಕಬೇಕು. ಒಂದು ಬುಕಿಂಗ್ ಮುಗಿಯಲು ಸರಾಸರಿ ಒಂದೂವರೆ ತಾಸು.

ಆ ಮೇಜು ಹೋಗಿ ಕಂಪ್ಯೂಟರ್ ಬಂದ ಕತೆ ನನಗೆ ಬಹಳ ಇಷ್ಟವಾಯಿತು, ಏಕೆಂದರೆ ಅದು ಹುಟ್ಟಿದ್ದು ಹರಟೆಯಲ್ಲಿ. 1953ರಲ್ಲಿ ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿಗೆ ಹೋಗುವ ವಿಮಾನದಲ್ಲಿ ಅಕ್ಕಪಕ್ಕ ಕೂತ ಇಬ್ಬರಿಗೂ ಸ್ಮಿತ್ ಎಂದೇ ಹೆಸರು. ಒಬ್ಬರು ಸಿ.ಆರ್. ಸ್ಮಿತ್, ಅಮೆರಿಕನ್ ಏರ್‌ಲೈನ್ಸಿನ ಯಜಮಾನರು. ಇನ್ನೊಬ್ಬರು ಬ್ಲೇರ್ ಸ್ಮಿತ್, ಐಬಿಎಂ ಕಂಪನಿಯ ಮಾರಾಟಗಾರರು. ನೀವೂ ಸ್ಮಿತ್ತಾ, ನಾನೂ ಸ್ಮಿತ್ತು ಎಂದು ಶುರುವಾದ ಪಟ್ಟಾಂಗ ಬುಕಿಂಗಿನ ರಗಳೆಗೆ ಹೊರಳಿತು. ಕೆಲವು ವರ್ಷಗಳಲ್ಲಿ 'ಸೇಬರ್' ಎಂಬ ಕೇಂದ್ರ ವ್ಯವಸ್ಥೆ ಹುಟ್ಟಿತು. ಹರಟೆ ಹೊಡೆಯುವವರನ್ನು ಕೆಲಸವಿಲ್ಲದವರು ಎನ್ನುವ ನನ್ನ ಮನೆಯವರು ಈ ಪ್ಯಾರಾವನ್ನು ಎರಡು ಸಲ ಓದಬೇಕಾಗಿ ವಿನಂತಿ. ಟಿಕೆಟ್ ದರ ಮತ್ತು ಅದರ ನಿಯಮಗಳನ್ನು ಸೇರಿಸಿಡಲು 1965ರಲ್ಲಿ ಎಟಿಪಿಕೊ ಎಂಬ ಇನ್ನೊಂದು ಸಂಸ್ಥೆ ಬಂತು. ಈಗ ನಾನೂರಕ್ಕೂ ಹೆಚ್ಚು ವಿಮಾನ ಸಂಸ್ಥೆಗಳು ಅಲ್ಲಿಗೆ ದರ ಕಳಿಸುತ್ತವೆ. ಅಲ್ಲಿಂದ ಏಜೆಂಟರಿಗೆ, ಹೋಲಿಕೆಯವರಿಗೆ ಹೋಗುತ್ತದೆ. ಮೂಲದಲ್ಲಿ ಎಲ್ಲ ಇಷ್ಟು ಅಚ್ಚುಕಟ್ಟು. ಕೆಳಗೆ ಹರಿದು ಬಂದ ಮೇಲೆಯೇ ಕೆಸರು.

ಕೆಸರಿಗೆ ಉದಾಹರಣೆ ಬೇಕಾದರೆ ನಮ್ಮ ದೇಶದಲ್ಲೇ ಬೇಕಾದಷ್ಟಿದೆ. ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ ನಿಂತಿತು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ. 2024ರ ಅಕ್ಟೋಬರ್ 1ಕ್ಕೆ ಹಿಂದಿನ ಏರ್‌ಏಷ್ಯಾ ಇಂಡಿಯಾ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನಲ್ಲಿ ಕರಗಿತು. ನವೆಂಬರ್ 12ಕ್ಕೆ ವಿಸ್ತಾರಾ ಏರ್ ಇಂಡಿಯಾದೊಳಗೆ ಸೇರಿತು. ಅದೇ ತಿಂಗಳು, ಒಂದೇ ಕ್ಲಾಸು ಎಂದು ಹೆಸರಾಗಿದ್ದ ಇಂಡಿಗೋ ದೆಹಲಿ-ಮುಂಬೈ ನಡುವೆ ಬಿಸಿನೆಸ್ ಕ್ಲಾಸ್ ತಂದಿತು. ಒಂದೂವರೆ ತಿಂಗಳೊಳಗೆ ಇಷ್ಟು! ಕೈಯಲ್ಲಿ ಪುಟ ತಿದ್ದುವವನ ಗತಿ ಏನು ಹೇಳಿ. ಅವನು ತಿದ್ದದೇ ಬಿಟ್ಟದ್ದರಿಂದಲೇ ಇರಬೇಕು, ಬಾಗಿಲು ಹಾಕಿದ ಸಂಸ್ಥೆಗಳು ಕೂಡ ಕೆಲವು ಪುಟಗಳಲ್ಲಿ ಇನ್ನೂ ಜಿದ್ದಿಗೆ ಬಿದ್ದು ಪೈಪೋಟಿ ಮಾಡುತ್ತಿರುತ್ತವೆ. ಸತ್ತವರಿಬ್ಬರಲ್ಲಿ ಯಾರ ಊಟ ರುಚಿ ಎಂದು ಅಂಕ ಕೊಡುವ ಉದಾರತೆ ನಮ್ಮ ತಿಥಿ ಊಟದ ಪಂಕ್ತಿಯಲ್ಲೂ ನಾನು ಕಂಡಿಲ್ಲ.

ಕಂಪನಿಗಳು ಬಂದುಹೋಗಲಿ, ಊರಿನ ಹೆಸರಾದರೂ ನಿಲ್ಲುತ್ತದೆಯೇ? 2014ರ ನವೆಂಬರ್ 1ಕ್ಕೆ ಮ್ಯಾಂಗಲೋರ್ ಅಧಿಕೃತವಾಗಿ ಮಂಗಳೂರು ಆಯಿತು. ನಾವಂತೂ ಬಜ್ಪೆ ಅನ್ನುವುದನ್ನು ಬಿಡುವವರಲ್ಲ. 1951ರ ಡಿಸೆಂಬರಿನಲ್ಲಿ ನೆಹರೂ ಬಂದು ಇಳಿದಾಗಿನಿಂದ ಅದು ಬಜ್ಪೆಯೇ. ಆದರೆ ಟಿಕೆಟಿನ ಮೇಲಿನ ಮೂರಕ್ಷರ, ಐಎಕ್ಸ್‌ಇ, ಹಾಗೇ ಉಂಟು. ಬಾಂಬೆ ಮುಂಬೈ ಆದರೂ ಬಿಒಎಂ ಅಲ್ಲಾಡಲಿಲ್ಲ. ಮದ್ರಾಸು ಚೆನ್ನೈ ಆದರೂ ಎಂಎಎ ಹಾಗೇ ಉಳಿಯಿತು. ಕಡತದವರು ಗುರುತು ಹಿಡಿಯುವುದು ಈ ಅಕ್ಷರಗಳಿಂದಲೇ. ಹೆಸರನ್ನು ನಂಬಿ ಕೂತರೆ ಬಜ್ಪೆಗೊಂದು, ಮಂಗಳೂರಿಗೊಂದು, ಮ್ಯಾಂಗಲೋರಿಗೊಂದು ಎಂದು ಮೂರು ವಿಮಾನ ನಿಲ್ದಾಣ ಪುಕ್ಕಟೆಯಾಗಿ ಸಿಕ್ಕೀತು.

ಕೆನಡಾದಲ್ಲಿ ನಡೆದ ಒಂದು ಮೊಕದ್ದಮೆಯನ್ನು ಮಾಣಿ ಹೇಳಿದಾಗ ನಾನು ಚಾಪೆಯಿಂದ ಎದ್ದು ಕೂತೆ. 2022ರ ನವೆಂಬರಿನಲ್ಲಿ ಅಜ್ಜಿ ತೀರಿಹೋದ ಒಬ್ಬ ಮನುಷ್ಯ ಏರ್ ಕೆನಡಾದ ಚಾಟ್‌ಬಾಟನ್ನು ಕೇಳಿದ. ಸಾವಿನ ಮನೆಗೆ ಹೋಗುವವರಿಗೆ ರಿಯಾಯಿತಿ ದರ ಉಂಟಾ? ಉಂಟು, ಈಗ ಟಿಕೆಟ್ ಮಾಡಿ, 90 ದಿನದೊಳಗೆ ಅರ್ಜಿ ಹಾಕಿದರೆ ವ್ಯತ್ಯಾಸದ ದುಡ್ಡು ವಾಪಸ್ ಸಿಗುತ್ತದೆ ಎಂದಿತು ಚಾಟ್‌ಬಾಟು. ಹೋಗಿ ಬಂದು ಅರ್ಜಿ ಹಾಕಿದರೆ, ಪ್ರಯಾಣ ಮುಗಿದ ಮೇಲೆ ಕೊಡುವ ಕ್ರಮ ಇಲ್ಲ, ನಮ್ಮದೇ ಇನ್ನೊಂದು ಪುಟದಲ್ಲಿ ಬರೆದಿದೆಯಲ್ಲ ಎಂದರು. ವ್ಯಾಜ್ಯ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಹೋಯಿತು. ಅಲ್ಲಿ ಕಂಪನಿಯ ವಾದದ ತಿರುಳು ಕೇಳಿ: ಚಾಟ್‌ಬಾಟು ತನ್ನ ಮಾತಿಗೆ ತಾನೇ ಜವಾಬ್ದಾರ, ನಾವಲ್ಲ! ಮನೆಯಲ್ಲಿ ಗಾಜು ಒಡೆದದ್ದು ಬೆಕ್ಕು ಎಂದು ನಾವೆಲ್ಲ ಹೇಳಿದವರೇ, ಆದರೆ ನ್ಯಾಯಮಂಡಳಿಯ ಎದುರು ಹೇಳುವ ಧೈರ್ಯ ನಮಗೆ ಬರಲಿಲ್ಲ. 2024ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಪುಟವಾಗಲಿ ಚಾಟ್‌ಬಾಟಾಗಲಿ ಎಲ್ಲವೂ ನಿಮ್ಮದೇ, ಯಾವುದು ಸರಿ ಎಂದು ಗಿರಾಕಿ ತಾಳೆ ನೋಡುತ್ತಾ ಕೂರಬೇಕಾಗಿಲ್ಲ, ದುಡ್ಡು ಕೊಡಿ. ಪರಿಹಾರ 650 ಡಾಲರ್ ಚಿಲ್ಲರೆ, ಬಡ್ಡಿ ಮತ್ತು ಶುಲ್ಕ ಬೇರೆ. ಮೊತ್ತ ದೊಡ್ಡದಲ್ಲ, ಮರ್ಯಾದೆ ಹೋದದ್ದು ದೊಡ್ಡದು. ಎರಡು ಬಾಯಿಗೂ ಒಂದೇ ಕಡತದಿಂದ ಮಾತು ಹೋಗಿದ್ದರೆ ಇದು ಯಾವುದೂ ಇರಲಿಲ್ಲ.

ಇಷ್ಟರಲ್ಲಿ ಒಳಗಿನಿಂದ ನನ್ನ ಅತ್ತೆ ಬಂದರು. ಅಪ್ಪಯ್ಯನ ತಂಗಿ, ಮಾಣಿಗೆ ಅಜ್ಜಿಯಾಗಬೇಕು. ಮಗಳ ಮನೆಗೆ ದುಬೈಗೆ ಹೊರಟವರು. ಕೋಣೆಯ ತುಂಬ ಅವರ ಸಾಮಾನು ಹರಡಿಕೊಂಡಿತ್ತು. ಹಲಸಿನ ಹಪ್ಪಳದ ಕಟ್ಟು, ಮಿಡಿ ಉಪ್ಪಿನಕಾಯಿಯ ಡಬ್ಬ, ಬಾಳಕದ ಮೆಣಸು, ಕುಂದಾಪ್ರ ಮಸಾಲೆಪುಡಿ, ಹಳೆ ಸೀರೆಯಲ್ಲಿ ಸುತ್ತಿದ ಕುಚ್ಚಲಕ್ಕಿ.

"ಮಾಣಿ, ನಿನ್ನ ಕಡತ ಎಂತ ಹೇಳ್ತ್? ಎಷ್ಟ್ ಕೆ.ಜಿ.?"

ಮಾಣಿ ಗಂಟಲು ಸರಿಮಾಡಿಕೊಂಡ. "ಅದು ಯಾವ ಟಿಕೆಟ್ ಎಂಬುದರ ಮೇಲೆ ಹೋಗ್ತದೆ ಅಜ್ಜಿ."

ಅಲ್ಲಿಯೇ ಇರುವುದು ನಿಜವಾದ ತೊಡಕು. ಕಡತ ಒಂದೇ ಇದ್ದರೆ ಸಾಲದು, ಸಾಲುಗಳೂ ಸರಿಯಾಗಿರಬೇಕು. 'ಈ ವಿಮಾನ ಸಂಸ್ಥೆಯಲ್ಲಿ ಇಷ್ಟು ಕೆ.ಜಿ.' ಎನ್ನುವ ಕಾಲ ಹೋಯಿತು. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2024ರ ಫೆಬ್ರುವರಿಯಲ್ಲಿ 'ಲೈಟ್' ಎಂಬ ದರ ತಂದಿತು. ಟಿಕೆಟ್ ಸೋವಿ, ಆದರೆ ಕೈಚೀಲ ಮಾತ್ರ. ಅದೇ ವಿಮಾನ, ಅದೇ ದಿನ, ಅಕ್ಕಪಕ್ಕದ ಸೀಟು. ಒಬ್ಬರಿಗೆ ಚೆಕ್-ಇನ್ ಬ್ಯಾಗು ಉಂಟು, ಇನ್ನೊಬ್ಬರಿಗೆ ಸೊನ್ನೆ. ಸಂಸ್ಥೆಗೊಂದು ಸಾಲು ಎಂದು ಕಡತ ಮಾಡಿಟ್ಟವರು ಈಗ ಏನು ಬರೆಯಬೇಕು? ದರಕ್ಕೊಂದು ಸಾಲು ಬೇಕು. ಒಳನಾಡಿಗೆ ಬೇರೆ, ಹೊರದೇಶಕ್ಕೆ ಬೇರೆ. ಅದರ ಮೇಲೆ, ಇದು ಯಾವತ್ತಿನಿಂದ ಯಾವತ್ತಿನವರೆಗೆ ಎಂಬ ತಾರೀಖು. ನನ್ನ ಮಟ್ಟಿಗೆ ಈ ತಾರೀಖೇ ಎಲ್ಲಕ್ಕಿಂತ ಮುಖ್ಯ, ಹೋಲಿಕೆಯವರು ಎಲ್ಲಕ್ಕಿಂತ ಮೊದಲು ಮರೆಯುವುದೂ ಇದನ್ನೇ. ಕೊಂಕಣ ರೈಲಿನ ಬದಿಯಲ್ಲಿ ಬದುಕುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲ ಬಂತೆಂದರೆ ರೈಲಿಗೆ ಬೇರೆಯೇ ವೇಳಾಪಟ್ಟಿ. ಹಿಂದೆಲ್ಲ ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರುತ್ತಿತ್ತು. 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಸಿದರು. ಹಳೆಯ ತಾರೀಖನ್ನು ನಂಬಿ ಬಾರ್ಕೂರು ಸ್ಟೇಷನ್ನಿಗೆ ಹೋದವರಿಗೆ ಹಳಿ ಮಾತ್ರ ಕಂಡೀತು. ವಿಮಾನಕ್ಕೂ ಹೀಗೇ ಎರಡು ಋತು. ಮಾರ್ಚಿನ ಕೊನೆಯ ಭಾನುವಾರಕ್ಕೆ ಬೇಸಿಗೆಯದು ಶುರು, ಅಕ್ಟೋಬರಿನ ಕೊನೆಯ ಭಾನುವಾರಕ್ಕೆ ಚಳಿಗಾಲದ್ದು.

ಟಿಕೆಟಿನ ಬೆಲೆಯನ್ನಂತೂ ಕಡತದಲ್ಲಿ ಇಡಲೇಬಾರದು ಎನ್ನುತ್ತಾನೆ ಮಾಣಿ. ಅದು ಕೇಳಿದ ಹೊತ್ತಿಗೆ ಕೇಳಿಯೇ ತಿಳಿಯಬೇಕು. ಬಹಳ ಮಂದಿ ಸ್ವಲ್ಪ ಹೊತ್ತಿನ ಹಿಂದೆ ಕೇಳಿಟ್ಟ ಬೆಲೆಯನ್ನೇ ತೋರಿಸುತ್ತಾರೆ. ದುಡ್ಡು ಕಟ್ಟುವ ಹೊತ್ತಿಗೆ 'ದರ ಬದಲಾಗಿದೆ' ಎಂದು ಕೆಂಪಕ್ಷರ ಬರುವುದು ಅದಕ್ಕೇ.

ಅತ್ತೆಗೆ ಇದೆಲ್ಲ ಕೇಳುವ ತಾಳ್ಮೆ ಇಲ್ಲ. "ಕೊಬ್ಬರಿ ಹಾಕ್ಲಕ್ಕಾ?" ಎಂದರು.

ಮಾಣಿಯ ಮುಖ ಅರಳಿತು. ಇದಕ್ಕೆ ಅವನ ಹತ್ತಿರ ಖಡಾಖಂಡಿತ ಉತ್ತರ ಇತ್ತು. ಕೊಬ್ಬರಿಯಲ್ಲಿ ಎಣ್ಣೆಯಂಶ ಜಾಸ್ತಿ. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕುಗಳ ಸಾಲಿನಲ್ಲಿ ವಿಶ್ವಸಂಸ್ಥೆ ಅದಕ್ಕೆ 1363 ಎಂಬ ನಂಬರನ್ನೇ ಕೊಟ್ಟಿದೆ. ಚೆಕ್-ಇನ್ ಬ್ಯಾಗಿನಲ್ಲಿ ಹಾಕುವ ಹಾಗಿಲ್ಲ. ಲೋಕಕ್ಕೆಲ್ಲ ಒಂದೇ ಪಟ್ಟಿ, ಒಂದೇ ನಂಬರು. ಹೋಲಿಕೆಯವರು ಮಾತ್ರ ಹಸಿ ತೆಂಗಿನಕಾಯಿ, ಒಣಕೊಬ್ಬರಿ ಎರಡನ್ನೂ ಒಂದೇ ಮಾಡಿ, ಒಬ್ಬ 'ಆಗಬಹುದು' ಎಂದರೆ ಇನ್ನೊಬ್ಬ 'ಕೂಡದು' ಎನ್ನುತ್ತಾನೆ. ಬರೆದವರು ತೆಂಗಿನ ತೋಟ ಕಂಡವರಲ್ಲ, ಅಷ್ಟೇ.

"ನಮ್ಮ ಅಟ್ಟದ್ ಮೇಲ್ ಇಷ್ಟ್ ವರ್ಷ ಇತ್ತಲೇ, ಹೊತ್ಕಂಡಿತಾ?" ಎಂದು ಅತ್ತೆ ಸಿಡುಕಿದರು. ವಿಶ್ವಸಂಸ್ಥೆಯ ಮೇಲೆ ಅವರಿಗೆ ಆ ಕ್ಷಣ ಇದ್ದ ಸಿಟ್ಟು ಭದ್ರತಾ ಮಂಡಳಿಯ ಯಾವ ದೇಶಕ್ಕೂ ಇರಲಿಕ್ಕಿಲ್ಲ. ಆದರೂ ಕೊಬ್ಬರಿ ಕಟ್ಟು ಹೊರಗೆ ಬಂತು.

ಎಲ್ಲವನ್ನೂ ಒಂದೇ ಕಡೆ ಕಟ್ಟಿಹಾಕುವುದರಲ್ಲಿ ಅಪಾಯ ಇಲ್ಲವೇ ಎಂದು ನಾನು ಕೊಂಕು ತೆಗೆದೆ. ಇದೆ. 2024ರ ಜುಲೈ 19ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಲೋಕದ ಕಂಪ್ಯೂಟರುಗಳು ನೀಲಿ ಮುಖ ಮಾಡಿ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನು ಹಿಡಿದು ಕೈಯಲ್ಲಿ ಬರೆದುಕೊಟ್ಟರು. ಕಡತದಲ್ಲಿ ಹದಿನೈದರ ಬದಲು ಐವತ್ತು ಎಂದು ಬರೆದರೂ ಅದೇ ಗತಿ, 19 ಪುಟಗಳೂ ಒಂದೇ ಸ್ವರದಲ್ಲಿ ಸುಳ್ಳು ಹಾಡುತ್ತವೆ. ಆದರೆ ಆ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ, ಒಂದೇ ಕಡೆ ತಿದ್ದಿದರೆ ಸಾಕು ಎನ್ನುವುದು ಮಾಣಿಯ ಸಮರ್ಥನೆ. ನಾನು ಒಪ್ಪಿದೆ. ಚದುರಿಬಿದ್ದ ಸಣ್ಣ ತಪ್ಪುಗಳೇ ಹೆಚ್ಚು ಕಾಲ ಬಾಳುವುದು. ಬಸ್‌ಸ್ಟ್ಯಾಂಡಿನ ಬೆಂಚಿನ ಮೂವತ್ತು ಕೆ.ಜಿ.ಗೆ ಇನ್ನೂ ವಯಸ್ಸಾಗಿಲ್ಲ ನೋಡಿ.

ಹಾಗಾದರೆ ಆ ಕಡತವನ್ನು ಬರೆಯುವವರು ಯಾರು ಎಂದು ಅತ್ತೆ ಕೇಳಿದರು. ಮಾಣಿ ಕುತ್ತಿಗೆ ಕೆರೆದುಕೊಂಡ. ಸಮಸ್ಯೆ ಅಲ್ಲಿಯೇ ಅಂತೆ. ಕಂಪ್ಯೂಟರ್ ಬಲ್ಲವರು ಬೇಕಾದಷ್ಟಿದ್ದಾರೆ. ಯಾವ ಸಂಸ್ಥೆ ಯಾವತ್ತು ಏನು ಬದಲಿಸಿತು ಎಂದು ದಿನಾ ಬೆಳಿಗ್ಗೆ ವಿಚಾರಿಸಿ, ಕೇಳಿದ್ದನ್ನು ಇನ್ನೊಮ್ಮೆ ಖಚಿತ ಮಾಡಿಕೊಂಡು, ಬೇರೆ ಯಾರೂ ಅದರಲ್ಲಿ ಕೈ ಹಾಕದ ಹಾಗೆ ಕಾಯುವವರು ಮಾತ್ರ ಸಿಗುವುದಿಲ್ಲ. ಜಾಗ ಖಾಲಿ ಇದೆ, ಬಂದವರು ಎರಡೇ ತಿಂಗಳಿಗೆ ಬೇಸತ್ತು ಬಿಟ್ಟು ಹೋಗುತ್ತಾರೆ.

"ಬೇಸರ ಎಂತಕ್ಕೆ?" ಎಂದರು ಅತ್ತೆ, ಹಪ್ಪಳದ ಕಟ್ಟನ್ನು ಬ್ಯಾಗಿನ ಮೂಲೆಗೆ ತುರುಕುತ್ತಾ. ಪಾಂಡೇಶ್ವರದಲ್ಲಿ ಯಾರ ಮದುವೆ ನಿಶ್ಚಯ ಆಯಿತು, ಗುಂಡ್ಮಿಯಲ್ಲಿ ಯಾರ ಗಂಡು ತಪ್ಪಿಹೋಯಿತು, ಕೋಡಿಯಲ್ಲಿ ಯಾರಿಗೆ ಸೂತಕ, ಯಾವತ್ತಿಗೆ ಮುಗಿಯುತ್ತದೆ, ಎಲ್ಲವನ್ನೂ ಊರಿನವರು ಕೇಳಿ ಹೋಗುವುದು ಅವರ ಹತ್ತಿರ. ಅವರು ಹೇಳುವ ಮೊದಲು ಬೇರೆಯವರು ಹೇಳಿದ್ದನ್ನು ಯಾರೂ ನಂಬುವುದಿಲ್ಲ.

"ಸಂಬಳ ಎಷ್ಟ್ ಮಾಣಿ?"